ಕಿರುಮಕ್ಕಳ ವಿವೇಕ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬರುವವರಲ್ಲಿ ಮೂರು ಬಗೆಯವರುಂಟು. ಟೀಕಾಚಾರ್ಯರ ಸ್ಮರಣೆಗಾಗಿ ಬರುವ ಯಾತ್ರಿಕರು ಒಂದು ಬಗೆ. ನೇಮಿನಾಥ ಬಸದಿಯ ದರ್ಶನಕ್ಕೆ ಬರುವ ಜೈನರು ಇನ್ನೊಂದು. ಮೂರನೆಯವರು ನಮ್ಮಂಥ ಕನ್ನಡ ಮೇಷ್ಟರುಗಳು. ಕಾಗಿಣಾ ಹೊಳೆಯ ದಂಡೆಯ ಹಾಳುಗೋಟೆಯನ್ನು ಕಂಡು, ಇದೇ ಅಲ್ಲವೆ ರಾಷ್ಟ್ರಕೂಟರ ಮಾನ್ಯಖೇಟ ಎಂದು ನಿಟ್ಟುಸಿರು ಬಿಟ್ಟು, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಬಣ್ಣಿಸುವ ‘ಕವಿರಾಜಮಾರ್ಗ’ದ ಪದ್ಯವನ್ನು ಗಟ್ಟಿಯಾಗಿ ಹೇಳಿ, ಮುಂದಿನ ಬಸ್ಸು ಹಿಡಿಯುವವರು. ಆ ಪದ್ಯ ಈಗ ರಾಜ್ಯೋತ್ಸವದ ವೇದಿಕೆಯ ಸೊತ್ತಾಗಿದೆ. ಅದನ್ನು ತಪ್ಪೆನ್ನಲಾರೆ. ಆದರೆ ಅದೇ ಗ್ರಂಥದಲ್ಲಿ, ಅದರ ಬೆನ್ನಿಗೇ ಎರಡು ಮೂರು ಪದ್ಯಗಳಾಚೆ, ವೇದಿಕೆಯ ಮೇಲೆ ಯಾರೂ ಹೇಳದ ಇನ್ನೊಂದು ಮಾತು ಇದೆ. ಓದಿ ಬಲ್ಲವರಷ್ಟೇ ಅಲ್ಲ, ಉಳಿದವರೂ ತಂತಮ್ಮ ನುಡಿಯಲ್ಲಿ ಜಾಣರೇ. ಕಿರುಮಕ್ಕಳೂ ಮಾತು ಬಾರದವರೂ ಸಹ, ತಿಳಿಯಪಡಿಸಿದರೆ, ವಿವೇಕವನ್ನೂ ಮಾತನ್ನೂ ತಿಳಿಯಬಲ್ಲರು. ಇದು ಅದರ ತಾತ್ಪರ್ಯ.

ಕ್ರಿ. ಶ. ೮೫೦ರ ಸುಮಾರಿನ ಮಾತು ಇದು. ಬರೆದವನು ಶ್ರೀವಿಜಯ, ಸಮ್ಮತಿಯಿತ್ತವನು ಅಮೋಘವರ್ಷ ನೃಪತುಂಗ ಎಂಬುದು ಈಗ ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ ಸಂಗತಿ. ಕಾವ್ಯಲಕ್ಷಣವನ್ನು ಹೇಳಹೊರಟ ಪಂಡಿತನು ತನ್ನ ಜನರ ಬುದ್ಧಿಗೆ ಸಾಕ್ಷಿ ಬೇಕಾದಾಗ ಆಸ್ಥಾನದ ಕವಿಗಳನ್ನು ಬಿಟ್ಟು ಮಕ್ಕಳನ್ನು ಕರೆತಂದು ನಿಲ್ಲಿಸಿದ ಎನ್ನುವುದೇ ಒಂದು ಸೊಗಸು. ಆದರೆ ನನ್ನ ಗಮನ ಎರಡು ಶಬ್ದಗಳ ಮೇಲಿದೆ. ಒಂದು, ವಿವೇಕ. ಇದು ಒಳ್ಳೆಯತನವೆಂಬ ಅರ್ಥದ ಶಬ್ದವಲ್ಲ. ಬೇರ್ಪಡಿಸಿ ನೋಡುವುದು, ಕಾಳು ಯಾವುದು ಹೊಟ್ಟು ಯಾವುದು ಎಂದು ಕೇರುವುದು ಎಂದು ಅದರ ಮೂಲಾರ್ಥ. ಇನ್ನೊಂದು, ‘ಅರಿಪು’ ಎಂಬ ಕ್ರಿಯಾಪದ. ಅರಿಯುವುದು ಮಗುವಿನ ಕೆಲಸ, ಅರಿಪುವುದು ಹಿರಿಯರ ಕೆಲಸ. ವಿವೇಕವು ಮಗುವಿನಲ್ಲಿ ಹುಟ್ಟಿನಿಂದಲೇ ಸಿದ್ಧವಾಗಿ ಕುಳಿತಿರುತ್ತದೆಂದು ಅವನು ಹೇಳಲಿಲ್ಲ; ಹೊರಗಿನಿಂದ ತಂದು ತುರುಕಬೇಕೆಂದೂ ಹೇಳಲಿಲ್ಲ. ಅರಿಪಿದರೆ ಅರಿತಾರು, ಅಷ್ಟೆ. ಇಲ್ಲಿ ವಿವೇಕವೆಂದರೆ ಬರಿಯ ಭಾಷಾಜ್ಞಾನ, ನೀತಿಯಲ್ಲ ಎಂದು ವಾದಿಸುವವರಿಗೆ ಅವಕಾಶವಿದೆ. ಹಾಗಿದ್ದಲ್ಲಿ ಅವನು ಮಾತು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು; ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಕರೆದಿದ್ದಾನೆ.

ಈ ಮಾತಿಗೆ ಸಮ್ಮತಿಯ ಮುದ್ರೆಯೊತ್ತಿದ ದೊರೆ ಸ್ವತಃ ಮಗುವಾಗಿಯೇ ಸಿಂಹಾಸನ ಹತ್ತಿದವನು ಎಂಬುದನ್ನೂ ನೆನೆಯಬೇಕು. ೮೧೪ರಲ್ಲಿ ಮೂರನೆಯ ಗೋವಿಂದ ತೀರಿಕೊಂಡಾಗ ಅಮೋಘವರ್ಷ ಇನ್ನೂ ಎಳೆಯ ಹುಡುಗ. ಮಗು ದೊರೆಯಾದ ಕಡೆ ಸಾಮಂತರು ಸುಮ್ಮನಿದ್ದಾರೆಯೆ? ದಂಗೆಯೆದ್ದರು, ಕೆಲಕಾಲ ರಾಜ್ಯವೇ ಕೈತಪ್ಪಿತು. ಗುಜರಾತದ ಶಾಖೆಯ ಕರ್ಕ, ಹುಡುಗನಿಗೆ ಚಿಕ್ಕಪ್ಪನ ಮಗ, ದಂಗೆಯನ್ನು ಅಡಗಿಸಿ ೮೨೧ರ ಹೊತ್ತಿಗೆ ಅವನನ್ನು ಮತ್ತೆ ಪಟ್ಟದಲ್ಲಿ ಕೂರಿಸಿದ. ತಾನೇ ಕೂರಬಹುದಾಗಿದ್ದ ಪಟ್ಟದಲ್ಲಿ ತಮ್ಮನನ್ನು ಕೂರಿಸಿದ ಅಣ್ಣಂದಿರು ನಮ್ಮ ಇತಿಹಾಸದಲ್ಲಿ ಎಷ್ಟು ಮಂದಿ ಸಿಕ್ಕಾರು, ವಾಚಕರೇ ಲೆಕ್ಕಹಾಕಲಿ. ಆ ಹುಡುಗ ಮುಂದೆ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಆಳಿದ. ಅವನ ಹೆಸರಿನಲ್ಲಿರುವ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತದ ಪುಟ್ಟ ಕೃತಿಯನ್ನು ಶಂಕರಾಚಾರ್ಯರದೆಂದು ಹೇಳುವವರೂ ಇದ್ದಾರೆ. ಆದರೆ ಅದರ ಟಿಬೆಟ್ಟಿನ ಭಾಷಾಂತರ ಅಮೋಘವರ್ಷನನ್ನೇ ಕರ್ತೃವೆನ್ನುತ್ತದೆ. ಚಿಕ್ಕದೊಂದು ಪ್ರಶ್ನೆ, ಚಿಕ್ಕದೊಂದು ಉತ್ತರ. ಮನೆಯ ಹಿರಿಯನೊಬ್ಬ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡಂತೆ. ಅದರ ಕಡೆಯ ಪದ್ಯದಲ್ಲಿ ಕರ್ತೃವನ್ನು ವಿವೇಕದಿಂದ ರಾಜ್ಯವನ್ನು ಬಿಟ್ಟ ದೊರೆಯೆಂದು ಕರೆದಿದೆ. ಮತ್ತೆ ಅದೇ ಶಬ್ದ. ಎಳೆಯನಾಗಿದ್ದಾಗ ಬಂಧುವೊಬ್ಬನು ಹೊತ್ತ ರಾಜ್ಯವನ್ನು ಮುಪ್ಪಿನಲ್ಲಿ ತಾನಾಗಿ ಇಳುಹಿಟ್ಟವನ ಬಾಯಲ್ಲಿ ಅದಕ್ಕೆ ತೂಕ ಹೆಚ್ಚು.

ಮಳಖೇಡದಿಂದ ಪಶ್ಚಿಮಕ್ಕೆ ಚಿತ್ತಾಪುರದ ಸೀಮೆಯನ್ನು ದಾಟಿ ಶಹಾಬಾದಿನ ಕಡೆಗೆ ಹೋದರೆ ಮರತೂರು ಎಂಬ ಊರಿದೆ. ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಈ ಊರಿನವನು ಎಂಬುದು ನಮ್ಮ ಕಡೆಯ ನಂಬಿಕೆ. ಊರವರು ಅದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲ, ಅಂದರೆ ೧೦೭೬ರಿಂದ ೧೧೨೬ರ ನಡುವಣ ಮಾತು. ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ ಅವನು ಬರೆದ ಈ ವ್ಯಾಖ್ಯಾನ ಮುಂದೆ ಬಂಗಾಳವೊಂದನ್ನು ಬಿಟ್ಟು ಭರತಖಂಡದ ಬಹುಭಾಗದಲ್ಲಿ ಹಿಂದೂ ದಾಯಭಾಗದ ಆಧಾರವಾಯಿತು. ಬ್ರಿಟಿಷರ ನ್ಯಾಯಾಲಯಗಳಲ್ಲಿ ಜಡ್ಜಿಗಳು ಅದರ ಇಂಗ್ಲಿಷ್ ಭಾಷಾಂತರವನ್ನು ಮುಂದಿಟ್ಟುಕೊಂಡು ತೀರ್ಪು ಹೇಳಿದರು. ವಿಜ್ಞಾನೇಶ್ವರನ ಹೆಸರು ಹೇಳಿದೊಡನೆ ವಕೀಲರ ಕಣ್ಣ ಮುಂದೆ ಬರುವುದು ಒಂದೇ ಸೂತ್ರ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು.

ಆದರೆ ಅದೇ ಗ್ರಂಥದ ಪ್ರಾಯಶ್ಚಿತ್ತದ ಭಾಗವನ್ನು ವಕೀಲರು ಓದುವುದಿಲ್ಲ. ಅಲ್ಲಿ ಅವನು ಹಳೆಯ ಸ್ಮೃತಿವಚನಗಳನ್ನು ಆರಿಸಿ ತಂದು ಮಕ್ಕಳ ತಪ್ಪಿನ ವಿಚಾರವನ್ನು ಎತ್ತುತ್ತಾನೆ. ಐದು ವರ್ಷಕ್ಕೆ ಒಳಗಿನ ಮಗು ಏನು ಮಾಡಿದರೂ ಅದು ಅಪರಾಧವಲ್ಲ, ಪಾಪವೂ ಅಲ್ಲ. ಅದಕ್ಕೆ ಅರಸನ ದಂಡವಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಐದು ದಾಟಿ ಹನ್ನೊಂದು ತುಂಬದ ಹುಡುಗ ತಪ್ಪು ಮಾಡಿದರೆ ಪ್ರಾಯಶ್ಚಿತ್ತ ಉಂಟು. ಆದರೆ ಅದನ್ನು ಮಾಡಬೇಕಾದವನು ಹುಡುಗನಲ್ಲ. ಅವನ ಅಣ್ಣ, ತಂದೆ, ಇಲ್ಲವೆ ಬೇರೊಬ್ಬ ಬಂಧು. ಇನ್ನು ಹದಿನಾರರ ಒಳಗಿನವನಿಗೆ ಅರ್ಧ ಪ್ರಾಯಶ್ಚಿತ್ತ. ಎಂಬತ್ತು ದಾಟಿದ ಮುದುಕನಿಗೂ ರೋಗಿಗೂ ಹೆಂಗಸಿಗೂ ಹಾಗೆಯೇ ಅರ್ಧ.

ಈ ಲೆಕ್ಕವನ್ನು ಮೊದಲ ಬಾರಿ ಓದಿದಾಗ ನನಗೆ ನಗು ಬಂತು. ಹುಟ್ಟಿದ ಗಳಿಗೆಯಲ್ಲೇ ಮನೆ ಹೊಲಗಳಲ್ಲಿ ಪಾಲು ಕೊಟ್ಟ ಶಾಸ್ತ್ರಕಾರ, ಪಾಪದಲ್ಲಿ ಪಾಲು ಕೊಡಲು ಐದು ವರ್ಷ ಕಾಯುತ್ತಾನೆ. ಆಮೇಲೂ ಅದನ್ನು ಹುಡುಗನ ಹೆಸರಿನಲ್ಲಿ ಬರೆದು ಅಪ್ಪನಿಂದ ವಸೂಲು ಮಾಡುತ್ತಾನೆ! ಆದರೆ ಸ್ವಲ್ಪ ಯೋಚಿಸಿದರೆ ಇದರ ಹಿಂದಿನ ಮಾನವಸ್ವಭಾವದ ಅರಿವು ಸಣ್ಣದಲ್ಲ. ತಪ್ಪು–ಒಪ್ಪುಗಳ ತಿಳಿವು ಒಂದು ದಿನ ದೀಪ ಹೊತ್ತಿದಂತೆ ಬರುವುದಲ್ಲ, ಬೆಳಗಾದಂತೆ ಬರುತ್ತದೆ ಎಂದು ಅವನಿಗೆ ಗೊತ್ತು. ಐದರಿಂದ ಹನ್ನೊಂದರವರೆಗಿನ ನಸುಕಿನ ಹೊತ್ತಿನಲ್ಲಿ ತಪ್ಪು ತಪ್ಪೇ; ಅದನ್ನು ಇಲ್ಲವೆನ್ನಲಾಗದು. ಆದರೆ ಭಾರ ಹೊರಲು ಆ ಹೆಗಲು ಸಾಲದು. ಪ್ರಾಯಶ್ಚಿತ್ತವೆಂದರೆ ಬಹುಮಟ್ಟಿಗೆ ಉಪವಾಸ, ವ್ರತ, ದಾನ. ತನ್ನ ಕೈತಪ್ಪಿಗಾಗಿ ಅಪ್ಪ ಊಟ ಬಿಟ್ಟು ಕೂತಿರುವುದನ್ನು ಏಳು ವರ್ಷದ ಹುಡುಗನೊಬ್ಬ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿರುವ ಚಿತ್ರವನ್ನು ಕಲ್ಪಿಸಿಕೊಳ್ಳಿ. ಶಾಸ್ತ್ರಕಾರ ಇದನ್ನು ಶಿಕ್ಷಣವೆಂದು ಕರೆಯಲಿಲ್ಲ. ಅವನಿಗೆ ಪಾಪ ತೊಳೆಯುವುದಷ್ಟೇ ಉದ್ದೇಶ. ಆದರೆ ಶ್ರೀವಿಜಯನು ಅರಿಪುವುದು ಎಂದದ್ದು ಇದಕ್ಕಿಂತ ಬೇರೆ ರೀತಿಯಲ್ಲಿ ನಡೆದೀತೆ?

ವಿಜ್ಞಾನೇಶ್ವರ ಒಬ್ಬನೇ ಹೀಗೆ ಹೇಳಿದವನಲ್ಲ. ಉಪನಯನಕ್ಕೆ ಮೊದಲು ಹುಡುಗ ಮನಬಂದಂತೆ ಓಡಾಡಲಿ, ಮಾತಾಡಲಿ, ತಿನ್ನಲಿ ಎಂದು ಗೌತಮ ಧರ್ಮಸೂತ್ರ ಎಷ್ಟೋ ಶತಮಾನಗಳ ಹಿಂದೆಯೇ ಬಿಟ್ಟುಕೊಟ್ಟಿತ್ತು. ಎಂಟು ವರ್ಷದವರೆಗೆ ಶಿಶು ಗರ್ಭದಲ್ಲಿರುವವನ ಸಮಾನ, ಹದಿನಾರರವರೆಗೆ ಬಾಲ, ಆಮೇಲೆಯೇ ವ್ಯವಹಾರ ಬಲ್ಲವನು ಎಂದು ನಾರದಸ್ಮೃತಿ. ಇವುಗಳನ್ನೆಲ್ಲ ಹೊಗಳುವಾಗ ಒಂದು ಎಚ್ಚರವೂ ಬೇಕು. ಈ ಗ್ರಂಥಗಳ ಕಣ್ಣೆದುರಿಗಿದ್ದ ಮಗು ಮೇಲಿನ ವರ್ಣದ ಮನೆಯ ಗಂಡುಮಗು. ಹೆಂಗಸಿಗೆ ಅರ್ಧ ಪ್ರಾಯಶ್ಚಿತ್ತವೆಂದು ದಯೆ ತೋರಿದ್ದು ಆಕೆಯನ್ನು ಎಂದೆಂದಿಗೂ ಹದಿನಾರರೊಳಗಿನ ಬಾಲಕನ ಸಾಲಿನಲ್ಲಿ ಕೂರಿಸಿದ್ದಕ್ಕೆ ಸಿಕ್ಕ ಪ್ರತಿಫಲ. ಊರ ಹೊರಗಿನ ಮಗುವಿಗೆ ಮನಬಂದಂತೆ ಓಡಾಡುವ ಸ್ವಾತಂತ್ರ್ಯವನ್ನು ಯಾವ ಸೂತ್ರವೂ ಕೊಡಲಿಲ್ಲ. ಬಾವಿಯ ಬಳಿಗೆ ಹೋದರೆ ಅದು ಐದು ವರ್ಷದ ಮಗುವಾದರೂ ತಪ್ಪೇ ಆಗುತ್ತಿತ್ತು. ಶಾಸ್ತ್ರದ ವಿವೇಕ ಶಾಸ್ತ್ರದ ಬೇಲಿಯೊಳಗೇ ನಿಂತಿತು.

ಮಗುವಿನ ತಪ್ಪಿಗೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆಯನ್ನು ಶಾಸ್ತ್ರಕ್ಕಿಂತ ನಿರ್ದಾಕ್ಷಿಣ್ಯವಾಗಿ ಕೇಳಿದ್ದು ಒಂದು ಕಥೆ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನೆಂಬ ಮುನಿ ಬರುತ್ತಾನೆ. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಅಡಗಿಸಿಟ್ಟರು. ಮೌನವ್ರತದಲ್ಲಿದ್ದ ಮುನಿ ಬಾಯಿ ಬಿಡಲಿಲ್ಲ. ರಾಜಭಟರು ಅವನನ್ನೂ ಹಿಡಿದು ಶೂಲಕ್ಕೇರಿಸಿದರು. ತಪೋಬಲದಿಂದ ಜೀವ ಹೋಗಲಿಲ್ಲ. ನಿಜ ತಿಳಿದ ಅರಸ ಬಂದು ಕ್ಷಮೆ ಬೇಡಿದ. ಶೂಲವನ್ನು ಎಳೆದರೆ ಬರಲಿಲ್ಲ, ಕತ್ತರಿಸಿದರು, ಮೊನೆ ಒಳಗೇ ಉಳಿಯಿತು. ಆ ಮೊನೆಯನ್ನು ಹೊತ್ತುಕೊಂಡೇ ಮುನಿ ಧರ್ಮದೇವತೆಯ ಬಳಿ ಹೋಗಿ, ನಾನು ಮಾಡಿದ ಯಾವ ಪಾಪಕ್ಕೆ ಇದು ಎಂದು ಕೇಳಿದ. ನೀನು ಚಿಕ್ಕವನಿದ್ದಾಗ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂದ ಧರ್ಮ. ಲೆಕ್ಕ ಸರಿಯಾಗಿಯೇ ಇತ್ತು, ಕಡ್ಡಿಗೆ ಶೂಲ. ಆದರೆ ಮುನಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೆ ಎಂದು ಧರ್ಮನನ್ನೇ ಮನುಷ್ಯನಾಗಿ ಹುಟ್ಟೆಂದು ಶಪಿಸಿದ, ಅವನೇ ವಿದುರ. ಅಷ್ಟಕ್ಕೇ ಬಿಡದೆ, ಇನ್ನು ಮುಂದೆ ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾತಕವಾಗದು ಎಂದು ಲೋಕಕ್ಕೆ ಒಂದು ಮೇರೆಯನ್ನೂ ಹಾಕಿದ. ನಮ್ಮ ಪುರಾಣಗಳಲ್ಲಿ ಶಾಪಗಳಿಗೆ ಬರವಿಲ್ಲ. ಆದರೆ ಮಕ್ಕಳ ಪರವಾಗಿ ಧರ್ಮದೇವತೆಯ ಮೇಲೆಯೇ ದಾವೆ ಹೂಡಿ ಗೆದ್ದ ಶಾಪ ಇದೊಂದೇ ಎಂದು ಕಾಣುತ್ತದೆ.

ಈ ಕಥೆಯನ್ನು ಒಮ್ಮೆ ನಮ್ಮ ನೆರೆಮನೆಯ ಎಂಟು ವರ್ಷದ ಹುಡುಗನಿಗೆ ಹೇಳಿದೆ. ಶೂಲ, ಶಾಪ, ವಿದುರ ಎಲ್ಲವನ್ನೂ ಕಣ್ಣರಳಿಸಿ ಕೇಳಿದ. ಕಡೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ಕಾಕಾ, ಅವ ಹುಳಕ್ಕ ಕಡ್ಡಿ ಚುಚ್ಚೋ ಮುಂದ ಅವರಪ್ಪ ಎಲ್ಲಿ ಹೋಗಿದ್ದನ್ರೀ?” ಮಿತಾಕ್ಷರೆಯನ್ನು ಓದದ ಹುಡುಗ ಅಪ್ಪನ ಪಾಲನ್ನು ಕೇಳಿದ್ದ.

ಬ್ರಿಟಿಷರ ಕಾಲಕ್ಕೆ ಬಂದರೆ ಈ ಪಾಲು ಕಾಣೆಯಾಗುತ್ತದೆ. ೧೮೬೦ರ ಭಾರತ ದಂಡಸಂಹಿತೆ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ ಎಂದಿತು. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದರ ಸ್ವರೂಪ, ಪರಿಣಾಮಗಳನ್ನು ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ ಎಂದಿತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಮುಗಳ ಅಂಕೆಗಳು ಬದಲಾದುವು. ಏಳೂ ಹನ್ನೆರಡೂ ಹಾಗೆಯೇ ಉಳಿದುವು. ಇಲ್ಲಿ ಪ್ರಶ್ನೆ ಮಗುವಿನದು ಮಾತ್ರ: ಇದಕ್ಕೆ ತಿಳಿವಿತ್ತೆ, ಇರಲಿಲ್ಲವೆ? ತಿಳಿಯಪಡಿಸಬೇಕಾದವರು ಎಲ್ಲಿದ್ದರು ಎಂಬ ಪ್ರಶ್ನೆ ಆ ಕಲಮುಗಳಲ್ಲಿ ಇಲ್ಲ. ೨೦೧೨ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಘೋರಕೃತ್ಯದ ಆರೋಪಿಗಳಲ್ಲಿ ಒಬ್ಬ ಹದಿನೆಂಟು ತುಂಬದವನು. ಆ ಕಿಚ್ಚಿನಲ್ಲಿ ೨೦೧೫ರ ಬಾಲನ್ಯಾಯ ಕಾಯಿದೆ ಬಂದು, ಘೋರ ಅಪರಾಧವಾದರೆ ಹದಿನಾರು ದಾಟಿದವನನ್ನು ಪರೀಕ್ಷಿಸಿ ದೊಡ್ಡವರಂತೆ ವಿಚಾರಣೆಗೆ ಒಪ್ಪಿಸಬಹುದೆಂದು ಆಯಿತು. ನಾರದಸ್ಮೃತಿಯ ಹದಿನಾರು ಹೀಗೆ ಮತ್ತೆ ಬಂದಿತು, ಆದರೆ ಬೇರೊಂದು ಮನೋಧರ್ಮದಿಂದ. ಅಪ್ಪನ ಪಾಲು ಮರಳಿ ಬಂದದ್ದು ಇನ್ನೊಂದು ದಾರಿಯಿಂದ: ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನೆಂಟಾಗದ ಹುಡುಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನನ್ನೋ ಗಾಡಿಯ ಮಾಲೀಕನನ್ನೋ ಅಪರಾಧಿಯೆಂದು ಭಾವಿಸಿ, ಮೂರು ವರ್ಷದವರೆಗೆ ಜೈಲು, ೨೫,೦೦೦ ರೂಪಾಯಿ ದಂಡ. ಮರತೂರಿನ ಪಂಡಿತ ಒಂಬತ್ತು ಶತಮಾನಗಳಾದ ಮೇಲೆ ಮೋಟಾರು ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು ಬಂದನೆಂದು ತಿಳಿಯೋಣ.

ಇದೆಲ್ಲ ಹಿರಿಯರು ಹಾಕಿದ ಲೆಕ್ಕವಾಯಿತು. ಮಕ್ಕಳನ್ನೇ ಕೇಳಿ ನೋಡಿದವರು ಇಲ್ಲವೆ? ಇದ್ದಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಜಿನೀವಾ, ನ್ಯೂಶಾತೆಲ್ ಪಟ್ಟಣಗಳ ಹುಡುಗರ ನಡುವೆ ಗೋಲಿಯಾಡಲು ಕುಳಿತು, ಈ ಆಟದ ನಿಯಮಗಳನ್ನು ಯಾರು ಮಾಡಿದರಪ್ಪ, ಬದಲಿಸಬಹುದೆ ಎಂದು ಕೇಳಿ, ೧೯೩೨ರಲ್ಲಿ ಮಕ್ಕಳ ನೈತಿಕ ವಿವೇಚನೆಯ ಮೇಲೆ ಒಂದು ಗ್ರಂಥ ಬರೆದ. ಚಿಕ್ಕವರು, ನಿಯಮ ಹಿರಿಯರಿಂದ ಬಂದದ್ದು, ಮುಟ್ಟಬಾರದು ಎಂದರು; ಹನ್ನೊಂದು–ಹನ್ನೆರಡರವರು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದರು. ಆಮೇಲೆ ಅವನು ಕೇಳಿದ ಕಥೆಗಳು ಹೆಸರಾಗಿವೆ. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ತಟ್ಟೆಯಲ್ಲಿದ್ದ ಹದಿನೈದು ಬಟ್ಟಲುಗಳೂ ಒಡೆಯುತ್ತವೆ. ಇನ್ನೊಬ್ಬ ತಾಯಿ ಇಲ್ಲದಾಗ ಕಪಾಟು ಹತ್ತಿ ಮುರಬ್ಬ ಕದಿಯಹೋಗಿ ಒಂದು ಬಟ್ಟಲು ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು? ಎಳೆಯರಲ್ಲಿ ಅನೇಕರು ಬಟ್ಟಲುಗಳನ್ನು ಎಣಿಸಿ, ಹದಿನೈದು ಒಡೆದವನದು ಎಂದರು. ತುಸು ಬೆಳೆದವರು ಮನಸ್ಸನ್ನು ನೋಡಿ, ಕದಿಯಹೋದವನದು ಎಂದರು.

ಈ ಪರೀಕ್ಷೆಯನ್ನು ಓದುವಾಗ ನನಗೆ ಮಾಂಡವ್ಯನ ಧರ್ಮದೇವತೆ ನೆನಪಾಗುತ್ತಾನೆ. ಹುಳುವಿನ ನೋವನ್ನು ಅಳೆದು ಶೂಲದ ನೋವನ್ನು ಕೊಟ್ಟವನು ಬಟ್ಟಲು ಎಣಿಸುವವರ ಸಾಲಿನವನು. ಯಾಜ್ಞವಲ್ಕ್ಯ, ವಿಜ್ಞಾನೇಶ್ವರರು ತಿಳಿಯದೆ ಮಾಡಿದ್ದಕ್ಕೂ ತಿಳಿದು ಮಾಡಿದ್ದಕ್ಕೂ ಪ್ರಾಯಶ್ಚಿತ್ತದಲ್ಲಿ ಭೇದ ಮಾಡಿದ್ದರಿಂದ ಬೆಳೆದ ಮಕ್ಕಳ ಕಡೆಯವರು. ಆದರೆ ಪಿಯಾಜೆಯ ಮಾತೇ ಕೊನೆಯದಾಗಿ ಉಳಿಯಲಿಲ್ಲ. ಕಥೆಯನ್ನು ಸರಳವಾಗಿ, ಉದ್ದೇಶ ಎದ್ದು ಕಾಣುವಂತೆ ಹೇಳಿದರೆ ನಾಲ್ಕೈದು ವರ್ಷದವರೂ ಮನಸ್ಸನ್ನು ನೋಡಬಲ್ಲರೆಂದು ಮುಂದಿನವರು ತೋರಿಸಿದರು. ಶಾಲೆಗೆ ಬಣ್ಣದ ಅಂಗಿ ಹಾಕಿ ಬರುವುದು ಗುರುಗಳು ಒಪ್ಪಿದರೆ ತಪ್ಪಲ್ಲ, ಆದರೆ ಪಕ್ಕದವನನ್ನು ಹೊಡೆಯುವುದು ಗುರುಗಳು ಒಪ್ಪಿದರೂ ತಪ್ಪೇ ಎಂಬ ಭೇದವನ್ನು ಬಾಲವಾಡಿಯ ವಯಸ್ಸಿನವರೂ ಮಾಡುತ್ತಾರೆಂದು ಅಮೆರಿಕದ ಎಲಿಯಟ್ ಟ್ಯೂರಿಯಲ್ ಮತ್ತು ಅವನ ಸಂಗಡಿಗರ ಸಂಶೋಧನೆ. ಇನ್ನೂ ಮುಂದೆ ಹೋಗಿ, ವರ್ಷ ತುಂಬದ ಕೂಸುಗಳೂ ನೆರವಾಗುವ ಬೊಂಬೆಯನ್ನು ಮೆಚ್ಚುತ್ತವೆಂದು ೨೦೦೭ರಲ್ಲಿ ಪ್ರಕಟವಾಯಿತು. ಹಲವು ಪ್ರಯೋಗಶಾಲೆಗಳು ಕೂಡಿ ಮತ್ತೆ ನೋಡಿದಾಗ ಅದು ಹಾಗೆ ಕಾಣಲಿಲ್ಲ. ಕೂಸುಗಳ ವಿಚಾರದಲ್ಲಿ ಅವಸರ ಬೇಡ.

ಈ ಪ್ರಶ್ನೆ ನಮ್ಮ ನಾಡಿಗೂ ಬಂದದ್ದುಂಟು. ಅದನ್ನು ಹೇಳುವ ಮೊದಲು ವಾಡಿ ಜಂಕ್ಷನ್ನಿಗೆ ಒಮ್ಮೆ ಹೋಗಿಬರೋಣ. ಮುಂಬಯಿಯಿಂದ ರಾಯಚೂರಿಗೆ ೧೮೭೧ರಲ್ಲಿ ಹಳಿ ಬಂತು. ೧೮೭೪ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಸಿಕಂದರಾಬಾದಿಗೆ ಹೊರಟಿತು. ಆ ಮೊದಲು ಹೆಸರೂ ಕೇಳಿರದ ಊರು ಎರಡು ಸೀಮೆಗಳ ಬಾಗಿಲಾಯಿತು. ಶಾಸ್ತ್ರಕಾರರಂತೆ ರೈಲಿನವರಿಗೂ ಮಕ್ಕಳ ವಯಸ್ಸಿನ ಲೆಕ್ಕವಿದೆ: ಐದು ತುಂಬದ ಮಗುವಿಗೆ ಟಿಕೀಟಿಲ್ಲ, ಐದರಿಂದ ಹನ್ನೆರಡರೊಳಗಿನವರಿಗೆ, ಬೇರೆ ಬರ್ತು ಕೇಳದಿದ್ದರೆ, ಅರ್ಧ. ಐದಕ್ಕೆ ಮಾಫಿ, ಆಮೇಲೆ ಅರ್ಧ! ಮಿತಾಕ್ಷರೆಯನ್ನು ರೈಲ್ವೆ ಬೋರ್ಡಿನವರು ಓದಿದ್ದರೆಂದು ನಾನು ಹೇಳುತ್ತಿಲ್ಲ. ಹದಿಮೂರು ತುಂಬಿದ ಹುಡುಗನಿಗೆ, ಸಾಹೇಬರು ಕೇಳಿದರೆ ಹನ್ನೊಂದು ಅನ್ನು ಎಂದು ತಂದೆ ಪ್ಲಾಟ್‌ಫಾರಮಿನಲ್ಲೇ ಪಾಠ ಹೇಳಿಕೊಡುವುದನ್ನು ಕಾಣದವರು ಯಾರಿದ್ದಾರೆ? ನಿಜ ಹೇಳು ಎಂದು ಕಲಿಸಿದವನೂ ಅವನೇ, ಹನ್ನೊಂದು ಅನ್ನು ಎಂದವನೂ ಅವನೇ. ಟಿಕೀಟು ತಪಾಸಿಗ ಬಂದಾಗ ಆ ಹುಡುಗನ ಮುಖವನ್ನು ನೋಡಬೇಕು. ಪಿಯಾಜೆಗೆ ಜಿನೀವಾದಲ್ಲಿ ಸಿಗದ ಪರೀಕ್ಷೆ ಅಲ್ಲಿ ನಡೆದಿರುತ್ತದೆ.

ವಿಚಿತ್ರವೆಂದರೆ ರೈಲು ಟಿಕೀಟಿನ ಇಂಥದೇ ಇಕ್ಕಟ್ಟನ್ನು ಮೈಸೂರಿನ ಮಕ್ಕಳ ಮುಂದೆ ಇಡಲಾಗಿತ್ತು. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ ಎಂಬ ಸಂಶೋಧಕರು ಮೈಸೂರಿನಲ್ಲೂ ಅಮೆರಿಕದ ನ್ಯೂ ಹೇವನ್ನಿನಲ್ಲೂ ಶಾಲೆಯ ಮಕ್ಕಳನ್ನೂ ಬೆಳೆದವರನ್ನೂ ಕೇಳಿ ೧೯೯೨ರಲ್ಲಿ ಪ್ರಕಟಿಸಿದರು. ಗೆಳೆಯನ ಮದುವೆಗೆ ಉಂಗುರ ಒಯ್ಯುತ್ತಿರುವವನ ಹಣ ಕಳುವಾಗಿದೆ. ಬೇರೊಬ್ಬನ ಟಿಕೀಟನ್ನು ಕದ್ದರೆ ಮಾತ್ರ ಹೊತ್ತಿಗೆ ತಲಪಬಲ್ಲ. ಏನು ಮಾಡಬೇಕು? ಅಮೆರಿಕದವರಲ್ಲಿ ಹೆಚ್ಚಿನವರು ಕದಿಯಬಾರದು ಎಂದರು. ಮೈಸೂರಿನವರಲ್ಲಿ ಬಹುಪಾಲು ಜನ, ಗೆಳೆಯನಿಗೆ ಕೊಟ್ಟ ಮಾತೇ ದೊಡ್ಡದು ಎಂದರು. ಇದನ್ನು ಓದಿ ನಮ್ಮ ಮಕ್ಕಳು ಕಳ್ಳತನವನ್ನು ಒಪ್ಪುತ್ತಾರೆಂದು ತಿಳಿಯುವವರಿಗೆ ನಮಸ್ಕಾರ. ಬಾಂಧವ್ಯದ ಹೊಣೆಯನ್ನು ಅವರು ಬರಿಯ ಪ್ರೀತಿಯೆಂದು ಬಗೆಯದೆ ಧರ್ಮವೆಂದೇ ಬಗೆದರು ಎಂಬುದು ಸಂಶೋಧಕರ ಮಾತಿನ ಸಾರ. ತಪ್ಪು ಒಬ್ಬನದು, ಉಪವಾಸ ಇನ್ನೊಬ್ಬನದು ಎಂಬ ಲೆಕ್ಕವನ್ನು ಹಾಕಿದ ಜನರ ಮೊಮ್ಮಕ್ಕಳು ಬೇರೆ ಉತ್ತರ ಕೊಟ್ಟಿದ್ದರೆ ಆಶ್ಚರ್ಯಪಡಬೇಕಾಗಿತ್ತು. ನ್ಯಾಯಕ್ಕೂ ನಂಟಿಗೂ ನಡುವೆ ಯಾವುದು ಮೇಲೆ ಎಂಬುದರಲ್ಲಿ ನನಗೆ ಮೈಸೂರಿನವರ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಕಚೇರಿಗಳಲ್ಲಿ ನಂಟು ನ್ಯಾಯವನ್ನು ತಿಂದುಹಾಕಿರುವುದನ್ನು ದಿನವೂ ಕಾಣುತ್ತೇವಷ್ಟೆ. ಟಿಕೀಟು ಕಳೆದುಕೊಂಡವನೂ ಯಾರದೋ ಮದುವೆಗೆ ಹೊರಟವನಿರಬಹುದು.

ಶ್ರೀವಿಜಯನ ಮಾತಿನಲ್ಲಿ ಇನ್ನೊಂದು ಎಳೆ ಉಳಿದಿದೆ: ತಂತಮ್ಮ ನುಡಿಯಲ್ಲಿ. ಈ ಎಳೆಯನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲದು. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯ ಸೇಡಂ, ಚಿಂಚೋಳಿಗಳಲ್ಲಿ ಸರಕಾರದ ವಿದ್ಯೆ ಬಹುಮಟ್ಟಿಗೆ ಉರ್ದುವಿನ ಮೂಲಕ. ಉರ್ದು ಕಲಿತದ್ದು ನಷ್ಟವಲ್ಲ; ನಮ್ಮ ಹಿರಿಯರಲ್ಲಿ ಅನೇಕರ ರಸಿಕತೆ ಅದರ ಕೊಡುಗೆ. ಆದರೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಮಗುವಿಗೆ ‘ಸುಳ್ಳಾಡಬೇಡ’ ಎಂಬುದು ಬಾರದ ನುಡಿಯಲ್ಲಿ ಬಂದಾಗ ಅದು ಬಾಯಿಪಾಠವಾಯಿತೇ ಹೊರತು ವಿವೇಕವಾಗಲಿಲ್ಲ. ಇತ್ತ ಐಗಳ ಶಾಲೆಗಳಲ್ಲಿ ನುಡಿ ತನ್ನದೇ, ಆದರೆ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬುದು ಅಲ್ಲಿನ ಮಂತ್ರ. ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಹುಡುಗನನ್ನು ಜೋಲಿಸುವ ಕೋದಂಡದ ಶಿಕ್ಷೆಯನ್ನು ಹಳಬರು ನಗುತ್ತ ಹೇಳುತ್ತಿದ್ದರು. ತೂಗಿದಾಗ ನಕ್ಕಿದ್ದರೋ ಇಲ್ಲವೋ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ೧೯೫೬ರಲ್ಲಿ ಈ ಜಿಲ್ಲೆ ಕನ್ನಡನಾಡನ್ನು ಸೇರಿ, ಮಕ್ಕಳ ನುಡಿಯ ತೊಡಕು ಬಹಳಷ್ಟು ಬಿಡಿಸಿತು, ಪೂರ್ತಿಯಾಗಿ ಅಲ್ಲ. ಚಿಂಚೋಳಿಯ ಗುಡ್ಡಗಳ ನಡುವಣ ತಾಂಡಾಗಳಲ್ಲಿ ಲಂಬಾಣಿ ಮಾತಾಡಿ ಬೆಳೆದ ಮಗುವಿಗೆ ಒಂದನೆಯ ಇಯತ್ತೆಯಲ್ಲಿ ನಮ್ಮ ಕನ್ನಡವೂ ಅಂದಿನ ಉರ್ದುವಿನಂತೆಯೇ ಕೇಳಿಸುತ್ತದೆ. ಅಂಥ ಮಗು ಉತ್ತರ ಹೇಳದಿದ್ದರೆ ದಡ್ಡ, ಹೇಳಿದ ಮಾತು ಕೇಳದಿದ್ದರೆ ಉದ್ಧಟ ಎಂದು ಬರೆದುಬಿಡುವ ಮಾಸ್ತರರು ಇದ್ದಾರೆ. ಬೇರೆ ಬೇರೆ ನುಡಿಯ ಮಕ್ಕಳೂ ಆಟದ ಬಯಲಿನಲ್ಲಿ ಎಣಿಕೆ, ಸರದಿ, ಮೋಸ, ರಾಜಿ ಎಲ್ಲವನ್ನೂ ಕೈಸನ್ನೆಯಲ್ಲೇ ನಡೆಸಿಬಿಡುತ್ತಾರೆ. ಶಹಾಬಾದಿನ ಪರಸಿಯ ಮೇಲೆ ಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುವ ಹುಡುಗಿಯರ ಜಗಳವನ್ನು ಅರ್ಧಗಂಟೆ ನಿಂತು ಕೇಳಿದರೆ ಯಾವ ಮುನ್ಸೀಫ ಕೋರ್ಟಿನಲ್ಲೂ ಅಷ್ಟು ಚುರುಕಾದ ವಾದ ಕೇಳಲಾರಿರಿ.

ಇನ್ನೊಂದು ಕಲ್ಲಿನ ವಿಚಾರ ಹೇಳಿ ಮುಗಿಸುತ್ತೇನೆ. ಕಾಲದಲ್ಲಿ ಎಲ್ಲಕ್ಕಿಂತ ಹಳೆಯದಾದರೂ ಕಣ್ಣಿಗೆ ಬಿದ್ದದ್ದು ಎಲ್ಲಕ್ಕಿಂತ ಈಚೆಗೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣವಿದೆ. ಅಲ್ಲಿನ ಕಾಳಿಯ ಗುಡಿಯಲ್ಲಿ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿರುವುದು ೧೯೮೦ರ ದಶಕದ ಕೊನೆಗೆ ಬೆಳಕಿಗೆ ಬಂತು. ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಅವು ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ಇವೆಯೆಂದು ಅಲ್ಲಿಯವರೆಗೆ ತಿಳಿದಿದ್ದರು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬುದು ಅವುಗಳಲ್ಲಿ ಅರಸನು ಹೇಳುವ ಮಾತಿನ ಭಾವ. ಮಕ್ಕಳು ಎಂಬಲ್ಲಿ ಶಾಸನ ಬಳಸಿದ ಪ್ರಾಕೃತ ಶಬ್ದ ‘ಪಜಾ’. ನಮ್ಮ ‘ಪ್ರಜೆ’ ಅದೇ. ಮೂಲದಲ್ಲಿ ಸಂತಾನವೆಂಬ ಅರ್ಥದ ಈ ಶಬ್ದ ಈಗ ಕನ್ನಡದಲ್ಲಿ ತೆರಿಗೆ ಕಟ್ಟುವವನು, ಮತ ಹಾಕುವವನು ಎಂಬಷ್ಟಕ್ಕೆ ಬಂದು ನಿಂತಿದೆ.

ಆ ಮಾತನ್ನು ಅರಸ ಹೇಳಿದ್ದು ಮಕ್ಕಳಿಗಲ್ಲ, ಅಧಿಕಾರಿಗಳಿಗೆ. ಕಾರಣವಿಲ್ಲದೆ ಯಾರೂ ಸೆರೆಯ ಕಷ್ಟಕ್ಕೆ, ಹಿಂಸೆಗೆ ಸಿಕ್ಕಬಾರದು. ಅದಕ್ಕಾಗಿ ನ್ಯಾಯ ಹೇಳುವವರು ಹೊಟ್ಟೆಕಿಚ್ಚು, ಕೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ಬಳಲಿಕೆ ಇವುಗಳಿಂದ ದೂರವಿರಬೇಕು ಎಂದು ಪಟ್ಟಿ ಕೊಟ್ಟಿದ್ದಾನೆ. ಪಟ್ಟಿಯಲ್ಲಿ ಬಳಲಿಕೆಯನ್ನೂ ಸೇರಿಸಿದವನು ಮಕ್ಕಳಿದ್ದ ಮನೆಯ ಸಂಜೆಯನ್ನು ಬಲ್ಲವನಾಗಿರಬೇಕು. ಸನ್ನತಿಯ ಚಪ್ಪಡಿಯನ್ನು ಪೀಠ ಮಾಡುವಾಗ ಮೂರ್ತಿಯನ್ನು ನಿಲ್ಲಿಸಲು ಅದರ ನಡುವೆ ಚೌಕನೆಯ ತೂತು ಕೊರೆದರು. ಅಲ್ಲಿದ್ದ ಅಕ್ಷರಗಳು ಹೋದುವು. ಹೋದದ್ದನ್ನು ಧೌಲಿ, ಜೌಗಡಗಳ ಪಾಠದಿಂದ ತುಂಬಿಕೊಳ್ಳಬಹುದು. ಅಲ್ಲಿ ಇನ್ನೊಂದು ಆಜ್ಞೆಯೂ ಇದೆ: ಪ್ರತಿ ತಿಷ್ಯಾ ನಕ್ಷತ್ರದ ದಿನ ಈ ಬರಹವನ್ನು ಎಲ್ಲರಿಗೂ ಓದಿ ಹೇಳಬೇಕು, ನಡುವಿನ ದಿನಗಳಲ್ಲಿಯೂ, ಕೇಳುವವನು ಒಬ್ಬನೇ ಇದ್ದರೂ, ಓದಿ ಹೇಳಬೇಕು.